ಹಡಗಿನ ಟಿಕೆಟ್ಟಿಗೂ ಬಿಲ್ಲಿಗೂ ನಡುವೆ

ಹಡಗು ಪ್ರವಾಸದ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಕ್ಯಾಬಿನ್ನಿನ ದರ. ಕೊನೆಯ ದಿನ ಕೈಗೆ ಬರುವ ಬಿಲ್ಲಿನಲ್ಲಿ ಆ ದರ ಎಲ್ಲೂ ಕಾಣುವುದಿಲ್ಲ, ಅದು ಎಂದೋ ಕಟ್ಟಿ ಮುಗಿದ ದುಡ್ಡು. ಅಲ್ಲಿರುವುದೆಲ್ಲ ಉಳಿದ ಬಾಬತ್ತುಗಳೇ. ಸಹಕಾರ ಸಂಘದಲ್ಲಿ ಬೆಳೆಸಾಲದ ಲೆಡ್ಜರು ಬರೆದು ನಿವೃತ್ತನಾದವನು ನಾನು. 2024ರಲ್ಲಿ ಬೆಂಗಳೂರಿನಲ್ಲಿರುವ ಮಗ, ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಬರುವ ಹಡಗಿಗೆ ಮನೆಯ ಆರೂ ಜನಕ್ಕೆ ಟಿಕೆಟ್ ಮಾಡಿಸುತ್ತೇನೆ ಎಂದಾಗ ನಾನು ಓದಿದ್ದು ದರದ ಕೆಳಗಿನ ಸಣ್ಣ ಅಕ್ಷರಗಳನ್ನು. ಸೇವಾ ಶುಲ್ಕ ಪ್ರತ್ಯೇಕ, ಪಾನೀಯ ಪ್ರತ್ಯೇಕ, ವೈಫೈ ಪ್ರತ್ಯೇಕ, ದಡದ ಪ್ರವಾಸ ಪ್ರತ್ಯೇಕ.

“ಏನ್ರೀ, ಊಟನಾದ್ರೂ ಹಾಕ್ತಾರೆ ತಾನೇ?” ಅಂದಳು ನನ್ನಾಕೆ.

ನಮಗೆ ಗೊತ್ತಿದ್ದ ದೋಣಿಯ ಲೆಕ್ಕವೇ ಬೇರೆ. ನಮ್ಮ ಅಕ್ಕಿಹೆಬ್ಬಾಳು ಹೇಮಾವತಿ ದಂಡೆಯ ಊರು. ಹೊಳೆ ಇಲ್ಲಿಂದ ಕೆಳಗಿಳಿದು ಅಂಬಿಗರಹಳ್ಳಿಯ ಸಂಗಮದಲ್ಲಿ ಕಾವೇರಿ, ಲಕ್ಷ್ಮಣತೀರ್ಥಗಳ ಜೊತೆ ಸೇರುತ್ತದೆ. ತೆಪ್ಪದವನಿಗೆ ತಲೆಗಿಷ್ಟು ಎಂದು ಕೊಟ್ಟರೆ ಆಚೆ ದಡ, ಅಲ್ಲಿಗೆ ವ್ಯವಹಾರ ಚುಕ್ತಾ. ರಂಗನತಿಟ್ಟಿಗೆ ಹೋದರೆ ಒಳಗೆ ಹೋಗಲು ಒಂದು ಚೀಟಿ, ದೋಣಿಗೆ ಇನ್ನೊಂದು. ಹಡಗಿನಲ್ಲಿ ಚೀಟಿಯೇ ಇಲ್ಲ. ಕತ್ತಿಗೆ ನೇತುಹಾಕಿಕೊಂಡ ಒಂದು ಕಾರ್ಡು, ಅದೇ ಬಾಗಿಲ ಕೀಲಿ, ಅದೇ ದುಡ್ಡು. ದುಡ್ಡು ಕೈಬಿಡುವುದು ಕಾಣದ ಕಡೆ ದುಡ್ಡು ಬೇಗ ಹೋಗುತ್ತದೆ.

ಇದರಲ್ಲಿ ಮೋಸವೇನೂ ಇಲ್ಲ. ಈ ವ್ಯಾಪಾರ ನಿಂತಿರುವುದೇ ಹಾಗೆ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಟಿಕೆಟ್ಟಿನ ಆದಾಯವನ್ನೂ ಹಡಗಿನೊಳಗಿನ ಆದಾಯವನ್ನೂ ಬೇರೆ ಬೇರೆ ತೋರಿಸುತ್ತವೆ. ಒಟ್ಟು ಆದಾಯದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಈ ಒಳಗಿನದು. ನಮ್ಮ ದೇಶದಲ್ಲೇ 2021ರಿಂದ ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಓಡುತ್ತಿರುವ ಕಾರ್ಡೀಲಿಯಾದ ‘ಎಂಪ್ರೆಸ್’ ಹಡಗು ಕೂಡ ಮೂಲದಲ್ಲಿ ರಾಯಲ್ ಕೆರಿಬಿಯನ್‌ನದೇ, 1990ರಲ್ಲಿ ಓಡಾಟ ಶುರುಮಾಡಿದ್ದು. ಅಲ್ಲೂ ಕ್ಯಾಬಿನ್ ದರ ಒಂದು ಸಾಲು, ಸೇವಾ ಶುಲ್ಕ ಒಂದು ಸಾಲು, ಜಿಎಸ್‌ಟಿ ಇನ್ನೊಂದು ಸಾಲು. ಹೊರಡುವ ಬಂದರು ಯಾವುದಾದರೂ ಕೂಡಿಸುವ ಕೆಲಸ ನಮ್ಮದು.

ಈ ಕೂಡಿಸುವುದರಲ್ಲೇ ಎಲ್ಲ ಇದೆ. ಹಡಗಿನ ದರಗಳೆಲ್ಲ ‘ತಲೆಗೆ, ದಿನಕ್ಕೆ’ ಎಂಬ ಅಳತೆಯಲ್ಲಿರುತ್ತವೆ. ಕೇಳುವಾಗ ಚಿಲ್ಲರೆ. ಸೇವಾ ಶುಲ್ಕವನ್ನೇ ತೆಗೆದುಕೊಳ್ಳಿ. ಕ್ಯಾಬಿನ್ ಗುಡಿಸುವವರಿಗೆ, ಬಡಿಸುವವರಿಗೆ ಸೇರುವ ಟಿಪ್ಸ್ ಎಂದು ಆಗ ತಲೆಗೆ ದಿನಕ್ಕೆ 18 ಡಾಲರ್ ಇತ್ತು. ಮಕ್ಕಳಿಗೂ ಅಷ್ಟೇ. ಆರು ಜನ, ನಾಲ್ಕು ರಾತ್ರಿ ಎಂದರೆ 432 ಡಾಲರ್. ಆಗಿನ 84 ರೂಪಾಯಿ ಲೆಕ್ಕದಲ್ಲಿ 36,000 ದಾಟಿತು. ಇದು ತಪ್ಪಿಸಿಕೊಳ್ಳುವ ಖರ್ಚಲ್ಲ, ತಪ್ಪಿಸಿಕೊಳ್ಳಲೂ ಬಾರದು. ಆ ಹುಡುಗರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಾರೆ. ಆದರೆ ಇದನ್ನು ಟಿಕೆಟ್ಟಿನ ಜೊತೆಗೇ ಕಟ್ಟಿಬಿಟ್ಟರೆ ಹಡಗಿನಲ್ಲಿ ಎಚ್ಚರದಿಂದ ಖರ್ಚು ಮಾಡಲು ಎಷ್ಟು ಉಳಿದಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ನಾವು ಹಾಗೇ ಮಾಡಿದೆವು.

ಪಾನೀಯದ ಪ್ಯಾಕೇಜಿನದು ಬೇರೆಯೇ ಕಥೆ. ನಾವು ಹೋದ ಹಡಗಿನಲ್ಲಿ ಮದ್ಯದ ಪ್ಯಾಕೇಜು ದಿನಕ್ಕೆ 70 ಡಾಲರ್, ಮೇಲೆ ನೂರಕ್ಕೆ 18ರಂತೆ ಟಿಪ್ಸ್. ಅಲ್ಲಿಗೆ ದಿನಕ್ಕೆ 82 ಚಿಲ್ಲರೆ. ಜೊತೆಗೊಂದು ಷರತ್ತು: ಕ್ಯಾಬಿನ್ನಿನಲ್ಲಿ ದೊಡ್ಡವರು ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕು. ಒಂದೇ ಪ್ಯಾಕೇಜಿನಲ್ಲಿ ಇಬ್ಬರು ಕುಡಿಯದಿರಲಿ ಎಂದು ಬಹಳಷ್ಟು ಕಂಪನಿಗಳು ಇಟ್ಟುಕೊಂಡಿರುವ ನಿಯಮವಿದು.

“ಮಾವ, ನಾನು ಕುಡಿಯೋದು ಮಜ್ಜಿಗೆ. ನನಗೂ ಎಂಬತ್ತೆರಡು ಡಾಲರಾ?” ಎಂದು ಸೊಸೆ ನಕ್ಕಳು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ಒಂದು ಗ್ಲಾಸಿಗೆ ಟಿಪ್ಸ್ ಸೇರಿ ಹದಿನೈದು ಡಾಲರ್ ಚಿಲ್ಲರೆ ಎಂದರೂ, ಇಬ್ಬರ ಪ್ಯಾಕೇಜಿನ ದುಡ್ಡು ಹುಟ್ಟಬೇಕಾದರೆ ನನ್ನ ಮಗನೊಬ್ಬನೇ ದಿನಾ ಹನ್ನೊಂದು ಗ್ಲಾಸು ಎತ್ತಬೇಕು. ಅವನು ನನ್ನೆದುರು ಒಂದನ್ನೂ ಎತ್ತುವುದಿಲ್ಲ. ನಮ್ಮ ಕಡೆಯ ಈ ಮರ್ಯಾದೆಯಿಂದ 55,000 ರೂಪಾಯಿ ಉಳಿಯಿತು ಎಂದು ಬರೆದುಕೊಂಡೆ. ಆಮೇಲೆ ಯಾವುದೋ ಒಂದು ಸಂಜೆ ಬಿಲ್ಲಿನಲ್ಲಿ ಎರಡು ಬಿಯರ್ ಕಂಡವು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಮಕ್ಕಳ ಸೋಡಾ ಪ್ಯಾಕೇಜೂ ಹೀಗೇ. ಊಟದ ಹಾಲಿನಲ್ಲಿ ನೀರು, ಕಾಫಿ, ಟೀ ಪುಕ್ಕಟೆ. ಕ್ಯಾಬಿನ್ನಿನ ಮೇಜಿನ ಮೇಲೆ ಇಟ್ಟಿರುವ ಬಾಟಲಿ ನೀರಿಗೆ ಮಾತ್ರ ಚೀಟಿ ಕಟ್ಟಿರುತ್ತದೆ, ಮುಟ್ಟಬೇಡಿ. ದೊಡ್ಡ ಭೋಜನಶಾಲೆಯ ಊಟ ಟಿಕೆಟ್ಟಿನಲ್ಲೇ ಸೇರಿದೆ. ಸಿಂಗಪುರದ ಹಡಗಾದ್ದರಿಂದ ಅನ್ನ, ಸಾರು, ಚಪಾತಿ, ಪಲ್ಯಕ್ಕೆ ಕೊರತೆಯಿರಲಿಲ್ಲ, ಮುದ್ದೆಯೊಂದಿರಲಿಲ್ಲ. ಸೋಮವಾರ, ಶನಿವಾರ ಮಾಂಸ ಮುಟ್ಟದ ನನ್ನಾಕೆಗೆ ಸಸ್ಯಾಹಾರ ಬೇಕೆಂದು ಬುಕ್ಕಿಂಗಿನಲ್ಲೇ ಬರೆಸಿದ್ದೆವು. ಅದಕ್ಕೆ ಕಾಸಿಲ್ಲ. ಕಾಸು ಕೊಟ್ಟು ಕೂರುವ ‘ಸ್ಪೆಷಾಲಿಟಿ’ ಹೋಟೆಲುಗಳ ಕಡೆ ನಾವು ತಲೆ ಹಾಕಲಿಲ್ಲ.

ಹಾಗಾದರೆ ಯಾವುದನ್ನು ಮೊದಲೇ ಕೊಳ್ಳಬೇಕು? ನನ್ನ ಅಳತೆಗೋಲು ಇಷ್ಟೇ: ಜಾಗ ತುಂಬಿಹೋಗುವುದನ್ನು ಊರಲ್ಲೇ ಹಿಡಿಯಿರಿ, ತುಂಬದಿರುವುದನ್ನು ಹಡಗಿಗೆ ಬಿಡಿ. ನಾಟಕ, ಸರ್ಕಸ್ಸಿನಂಥ ಪ್ರದರ್ಶನಗಳು ಪುಕ್ಕಟೆಯಾದರೂ ಕೆಲವು ಹಡಗುಗಳಲ್ಲಿ ಸೀಟು ಕಾದಿರಿಸಬೇಕು. ಬೇಕೇ ಬೇಕು ಎನ್ನುವ ವೈಫೈ ಹೊರಡುವ ಮೊದಲು ಕೊಂಡರೆ ಸಾಮಾನ್ಯವಾಗಿ ಅಗ್ಗ. ನಾವು ಒಂದೇ ಫೋನಿನ ಲೆಕ್ಕದಲ್ಲಿ ಕೊಂಡು, ಒಬ್ಬರು ಲಾಗೌಟ್ ಆದ ಮೇಲೆ ಇನ್ನೊಬ್ಬರು ಲಾಗಿನ್ ಆಗಿ ಆರೂ ಜನ ಹಂಚಿಕೊಂಡೆವು. ಉಳಿದ ಹೊತ್ತು ಫೋನುಗಳು ಏರೋಪ್ಲೇನ್ ಮೋಡಿನಲ್ಲಿದ್ದವು. ಸಮುದ್ರದ ನಡುವೆ ಫೋನು ತಾನಾಗಿ ಹಡಗಿನ ಟವರಿಗೆ ಸಿಕ್ಕಿಕೊಂಡರೆ ಆ ರೋಮಿಂಗ್ ಬಿಲ್ಲು ವೈಫೈಗಿಂತ ಘೋರ.

ಈ ಮುಂಗಡ ದರಗಳು ನಮ್ಮ ಟೊಮೆಟೊ ಧಾರಣೆ ಇದ್ದಂತೆ, ಏರುತ್ತವೆ, ಇಳಿಯುತ್ತವೆ. ಬಹಳಷ್ಟು ಕಂಪನಿಗಳಲ್ಲಿ ಹಡಗು ಹೊರಡುವ ಒಂದೆರಡು ದಿನ ಮುಂಚಿನವರೆಗೂ ಈ ಬಾಬತ್ತುಗಳನ್ನು ರದ್ದು ಮಾಡಬಹುದು. ಹಾಗಾಗಿ ಇವತ್ತಿನ ದರಕ್ಕೆ ಹಿಡಿದಿಟ್ಟು, ನಡುವೆ ರಿಯಾಯಿತಿ ಬಂದರೆ ಹಳೆಯದನ್ನು ಬಿಟ್ಟು ಹೊಸ ದರಕ್ಕೆ ಕೊಳ್ಳುವುದು ಜಾಣತನ. ನಮ್ಮ ಸೊಸೆ ವೈಫೈಗೆ ಅದನ್ನೇ ಮಾಡಿದಳು. ಕೊಕ್ಕೆ ಒಂದಿದೆ: ವಾಪಸು ಬರುವುದು ಡಾಲರ್. ಅವತ್ತಿನ ವಿನಿಮಯ ದರಕ್ಕೆ ತಿರುಗಿ ರೂಪಾಯಿಯಾಗುವಾಗ ಕೊಟ್ಟಷ್ಟೇ ಬರುವುದಿಲ್ಲ. ಹತ್ತು ಡಾಲರಿನ ವ್ಯತ್ಯಾಸವಿದ್ದರೆ ಈ ಕಸರತ್ತು ಸರಿ, ಒಂದು ಡಾಲರಿಗೆ ಬೇಡ.

ದಡದ ಪ್ರವಾಸದ ವಿಷಯದಲ್ಲಿ ಬಂದರಿಗೊಂದು ತೀರ್ಮಾನ ಬೇಕು. ಪೆನಾಂಗಿನಲ್ಲಿ ಹಡಗು ನಿಲ್ಲುವುದು ಸ್ವೆಟನ್‌ಹ್ಯಾಮ್ ಕಟ್ಟೆಯಲ್ಲಿ, ಜಾರ್ಜ್ ಟೌನಿನ ಬಾಗಿಲಿಗೇ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೆಯ ಪೇಟೆ ಅದು. ಇಳಿದು ನಡೆದರೆ ಗಡಿಯಾರ ಗೋಪುರ, ಕಾರ್ನ್‌ವಾಲಿಸ್ ಕೋಟೆ. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಮಕ್ಕಳನ್ನು ಒತ್ತೆ ಒಯ್ದ ಅದೇ ಕಾರ್ನ್‌ವಾಲಿಸ್. ನಮ್ಮ ಜಿಲ್ಲೆಯವನಿಗೆ ಆ ಹೆಸರು ಅಲ್ಲಿ ಕಂಡಾಗ ಕಾಲು ತಾನಾಗಿ ನಿಲ್ಲುತ್ತದೆ. ಇನ್ನೂ ಸ್ವಲ್ಪ ನಡೆದರೆ ತಮಿಳರ ಲಿಟ್ಲ್ ಇಂಡಿಯಾ, 1833ರ ಮಾರಿಯಮ್ಮನ್ ಗುಡಿ, ಬಾಳೆಎಲೆ ಊಟ. ಇಷ್ಟಕ್ಕೆ ಹಡಗಿನವರ ಬಸ್ಸು ಹತ್ತುವುದು ದಂಡ.

ಫುಕೆಟ್ ಹಾಗಲ್ಲ. ದೊಡ್ಡ ಹಡಗು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತದೆ. ಹಡಗಿನವರ ಪ್ರವಾಸ ಕೊಂಡವರಿಗೆ ಮೊದಲ ದೋಣಿಗಳು. ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವೇ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಸಿಂಗಪುರ, ಮಲೇಷ್ಯಾದ ಗಡಿಯಾರಕ್ಕಿಂತ ಥಾಯ್ಲೆಂಡಿನದು ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಹೊತ್ತಿನಲ್ಲೇ ಇದ್ದು, ದಡಕ್ಕಿಳಿದ ಫೋನು ಥಾಯ್ಲೆಂಡಿನ ಹೊತ್ತಿಗೆ ತಿರುಗಿಕೊಂಡರೆ ಆ ಒಂದು ಗಂಟೆಯಲ್ಲಿ ಹಡಗು ತಪ್ಪಬಹುದು. ವಯಸ್ಸಾದವರು, ಮಕ್ಕಳು ಜೊತೆಗಿದ್ದಾಗ ಇಲ್ಲಿ ಹಡಗಿನವರ ಪ್ರವಾಸಕ್ಕೇ ದುಡ್ಡು ಕೊಡಿ ಎನ್ನುತ್ತೇನೆ. ನಾವೂ ಕೊಟ್ಟೆವು, ಅದನ್ನು ಊರಿನಿಂದಲೇ ಕಾದಿರಿಸಿದ್ದೆವು.

ವಿಮೆಯನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸಬೇಡಿ. ಹಡಗಿನ ಡಾಕ್ಟರಿಗೆ ತೋರಿಸಿದರೆ ಫೀಸು ಡಾಲರಿನಲ್ಲಿ, ನಮ್ಮ ಯಶಸ್ವಿನಿ ಆರೋಗ್ಯ ಕಾರ್ಡು ಅಲ್ಲಿ ನಡೆಯುವುದಿಲ್ಲ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ, ಇಲ್ಲೇ ಪ್ರವಾಸ ವಿಮೆ ಮಾಡಿಸಿ.

ಕಾರ್ಡಿನ ವಿಚಾರ ಬ್ಯಾಂಕಿನಲ್ಲಿ ಮೊದಲೇ ಕೇಳಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ಮೇಲೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ತೆರೆಯಬೇಕು. ಎಷ್ಟೋ ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ನೂರಕ್ಕೆ ಮೂರೂವರೆಯಷ್ಟು ಹೆಚ್ಚಿಗೆ ಹಾಕುತ್ತವೆ. ಡೆಬಿಟ್ ಕಾರ್ಡು ಕೊಟ್ಟರೆ ಹಡಗಿನವರು ಮುಂಗಡವಾಗಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ದಿನ ಹಿಡಿಯುತ್ತದೆ. “ರೂಪಾಯಿಯಲ್ಲೇ ಕಟ್ಟುತ್ತೀರಾ?” ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಆ ವಿನಿಮಯ ದರ ಅವರಿಗೆ ಅನುಕೂಲದ್ದು. ಬಿಲ್ಲನ್ನು ದಿನಾ ಸಂಜೆ ಟಿವಿಯಲ್ಲೋ ಆ್ಯಪಿನಲ್ಲೋ ನೋಡಿ. ಕೊನೆಯ ಬೆಳಗ್ಗೆ ಕೌಂಟರಿನ ಮುಂದೆ ಸಾಲು ನಿಂತು ತಕರಾರು ಮಾಡುತ್ತಿದ್ದವರೆಲ್ಲ ಅವತ್ತೇ ಮೊದಲ ಸಲ ಬಿಲ್ಲು ನೋಡಿದವರು.

ಹೊರಡುವ ಮೊದಲೇ ಹೋದ ಇನ್ನೊಂದು ದುಡ್ಡಿದೆ. ವಿದೇಶಿ ಪ್ರವಾಸದ ಪ್ಯಾಕೇಜನ್ನು ಇಲ್ಲಿನ ಏಜೆಂಟರ ಮೂಲಕ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ನಾವು ಹೋದಾಗ 7 ಲಕ್ಷದವರೆಗೆ ನೂರಕ್ಕೆ 5, ಅದರ ಮೇಲೆ 20 ಇತ್ತು. ಆಮೇಲೆ ಇದು ಬದಲಾಗಿದೆ, ನೀವು ಹೊರಡುವಾಗ ಇರುವ ದರವನ್ನು ಕೇಳಿಕೊಳ್ಳಿ. ಅದು ಖರ್ಚಲ್ಲ, ನಿಮ್ಮ ಹೆಸರಿನಲ್ಲಿ ಸರ್ಕಾರದ ಬಳಿ ಕೂತ ಹಣ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ 26ಎಎಸ್ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿದರೆ ತೆರಿಗೆಗೆ ಜಮೆಯಾಗುತ್ತದೆ ಇಲ್ಲವೇ ವಾಪಸು ಬರುತ್ತದೆ. ತೆರಿಗೆ ಬೀಳುವಷ್ಟು ಆದಾಯ ಇಲ್ಲವೆಂದು ನಮ್ಮ ಕಡೆ ರಿಟರ್ನ್ಸ್ ಹಾಕದವರೇ ಹೆಚ್ಚು. ಅಂಥವರು ಪ್ರವಾಸ ಹೋದ ವರ್ಷವಾದರೂ ಹಾಕಿ, ದುಡ್ಡು ಬಿಡಬೇಡಿ.