ಸುಣ್ಣದ ಗೋಡೆ, ಕಡುನೀಲಿ ಗೋಡೆ

ಮಕ್ಕಳೇ, ಮಳೆಗಾಲದಲ್ಲಿ ಮೋಡ ಕವಿದು ಕರೆಂಟೂ ಹೋದಾಗ ನಿಮ್ಮ ತರಗತಿಯನ್ನು ಗಮನಿಸಿದ್ದೀರಾ? ಕಿಟಕಿಯ ಪಕ್ಕದವರು ಸುಲಭವಾಗಿ ಓದುತ್ತಾರೆ. ಒಳಮೂಲೆಯಲ್ಲಿ ಕುಳಿತವರು ಪುಸ್ತಕವನ್ನು ಮೂಗಿನ ಹತ್ತಿರ ತಂದುಕೊಳ್ಳುತ್ತಾರೆ. ಆ ಮೂಲೆಗೆ ಕಿಟಕಿಯಿಂದ ನೇರವಾಗಿ ಬರುವ ಬೆಳಕು ಸ್ವಲ್ಪವೇ. ಉಳಿದದ್ದು ಗೋಡೆ, ಚಾವಣಿಗಳಿಗೆ ತಾಗಿ ತಿರುಗಿ ಬಂದದ್ದು. ಹೀಗೆ ಬೆಳಕು ತಿರುಗಿ ಬರುವುದೇ ಪ್ರತಿಫಲನ.

ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ 100 ಪಾಲು ಬೆಳಕು ಬಿದ್ದರೆ ಸುಮಾರು 80 ಪಾಲು ತಿರುಗಿ ಬರುತ್ತದೆ. ಕಡುನೀಲಿ ಗೋಡೆಯಿಂದ ಬರುವುದು ಸುಮಾರು 10 ಪಾಲು. ಉಳಿದದ್ದನ್ನು ಗೋಡೆಯೇ ಹೀರಿಕೊಳ್ಳುತ್ತದೆ. ಈ ಅಂತರ ಇಷ್ಟಕ್ಕೇ ನಿಲ್ಲುವುದಿಲ್ಲ. ಬೆಳಕು ಒಂದು ಗೋಡೆಯಿಂದ ಮತ್ತೊಂದಕ್ಕೆ ಪುಟಿಯುತ್ತಲೇ ಇರುತ್ತದೆ. ಲೆಕ್ಕ ಹಾಕಿ: ಸುಣ್ಣದ ಕೋಣೆಯಲ್ಲಿ ಎರಡನೆಯ ಸಲ ಪುಟಿದಾಗ 64 ಪಾಲು, ಮೂರನೆಯ ಸಲ ಸುಮಾರು 51 ಪಾಲು ಉಳಿದಿರುತ್ತದೆ. ಕಡುನೀಲಿ ಕೋಣೆಯಲ್ಲಿ ಎರಡನೆಯ ಸಲಕ್ಕೇ ಉಳಿಯುವುದು 1 ಪಾಲು!

ಸುಣ್ಣದ ಗೋಡೆ ಕನ್ನಡಿಯಂತೆ ನಯವಾಗಿಲ್ಲ. ಅದಕ್ಕೇ ಅದು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. (ಬಳಿದ ದಿನ ಮಸುಕಾಗಿದ್ದ ಸುಣ್ಣ ಆಮೇಲೆ ಬೆಳ್ಳಗಾಗುವುದನ್ನು ನೋಡಿದ್ದೀರಲ್ಲ? ನೀರು ಆರುತ್ತದೆ, ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ.)

ಮಾಡಿ ನೋಡಿ

ಒಂದೇ ಅಳತೆಯ ಎರಡು ಚಪ್ಪಲಿ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರ ಒಳಗೆಲ್ಲ, ಮುಚ್ಚಳಕ್ಕೂ ಸೇರಿಸಿ, ಬಿಳಿ ಕಾಗದ ಅಂಟಿಸಿ. ಇನ್ನೊಂದಕ್ಕೆ ಕಡುನೀಲಿ ಕಾಗದ. ಎರಡಕ್ಕೂ ಒಂದು ತುದಿಯ ಗಿಡ್ಡ ಬದಿಯಲ್ಲಿ ಇಣುಕಲು ಸಣ್ಣ ತೂತು ಮಾಡಿ. ಆ ತೂತಿಗೆ ಹತ್ತಿರವಾಗಿ, ಉದ್ದ ಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ. ಎದುರು ತುದಿಯಲ್ಲಿ ದಿನಪತ್ರಿಕೆಯ ಒಂದೇ ಬಗೆಯ ಚೂರುಗಳನ್ನು ಅಂಟಿಸಿ ಮುಚ್ಚಳ ಮುಚ್ಚಿ. ಎರಡನ್ನೂ ನೆರಳಿನಲ್ಲಿ ಅಕ್ಕಪಕ್ಕ ಇಟ್ಟು ಇಣುಕಿ. ಯಾವ ಡಬ್ಬಿಯಲ್ಲಿ ಸಣ್ಣ ಅಕ್ಷರ ಓದಲಾಗುತ್ತದೆ? ಬಿಳಿ ಡಬ್ಬಿಯ ಮುಚ್ಚಳಕ್ಕೆ ಮಾತ್ರ ಕಡುನೀಲಿ ಕಾಗದ ಅಂಟಿಸಿದರೆ ಏನಾಗುತ್ತದೆ? ಬರೆದಿಡಿ.

ಕೈಕೊಳೆ ಕಾಣದಿರಲೆಂದು ಕಡುಬಣ್ಣ ಬಳಿಸುವವರಿದ್ದಾರೆ. ಅದನ್ನೂ ತಳ್ಳಿಹಾಕುವಂತಿಲ್ಲ. ಗೋಡೆಯ ಕೆಳಗೆ, ನಿಮ್ಮ ಸೊಂಟದೆತ್ತರಕ್ಕೆ ಮಾತ್ರ ಕಡುಬಣ್ಣದ ಪಟ್ಟಿ ಬಳಿದು ಮೇಲ್ಭಾಗ, ಚಾವಣಿಗಳಿಗೆ ಸುಣ್ಣ ಹೊಡೆದರೆ ಎರಡೂ ಕೆಲಸ ಆಗುತ್ತವೆ.

ಹಾಗಾದರೆ ಬೆಳಕಿಗಾಗಿ ಕರಿಹಲಗೆಗೂ ಸುಣ್ಣ ಬಳಿಯಬಾರದೇಕೆ? ಸುಣ್ಣದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆದು, ಕೊನೆಯ ಸಾಲಿಗೆ ಹೋಗಿ ಓದಿ ನೋಡಿ.