ಹನುಮನಹಳ್ಳಿ ಕೀಬೋರ್ಡ್: 48 ಸ್ವಿಚ್, 48 ಡಯೋಡ್, ಒಂದು ‘ಳ’

ಹೋದ ಸೆಮಿಸ್ಟರಿನಲ್ಲಿ ಹಾಸ್ಟೆಲ್‌ನಿಂದ ದೊಡ್ಡಪ್ಪನಿಗೆ ಒಂದು ಮೆಸೇಜ್ ಹಾಕಿದ್ದೆ. ಗದ್ದೆಯಲ್ಲಿ ಕಳೆ ತೆಗೆಯೋದು ಮುಗೀತಾ ಅಂತ ಕೇಳೋದು ನನ್ನ ಉದ್ದೇಶ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ, ಫೋನ್ ತಾನೇ ಕನ್ನಡ ಮಾಡಿತು, ನಾನು ನೋಡದೆ ಕಳಿಸಿದೆ. ಹೋಗಿದ್ದು ‘ಕಲೆ ತೆಗೆಯೋದು ಮುಗೀತಾ?’ ಅಂತ. ದೊಡ್ಡಪ್ಪ ಫೋನ್ ಮಾಡಿ ನಕ್ಕರು. “ಏನೋ ತಮ್ಮಾ, ಹೊಲದಾಗ ಕಲೆ ಎಲ್ಲಿಂದ ಬಂತು? ನಾ ಭತ್ತ ಹಚ್ಚೀನಿ, ಚಿತ್ರ ಬರದಿಲ್ಲ.”

ನಾನೂ ನಕ್ಕೆ. ಆದರೆ ಒಳಗೆ ಸ್ವಲ್ಪ ಚುಚ್ಚಿತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತೀನಿ, ಓದ್ತೀನಿ. ಟೈಪ್ ಮಾಡುವಾಗ ಮಾತ್ರ ಯಾವಾಗಲೂ ಇಂಗ್ಲಿಷ್ ಅಕ್ಷರಗಳ ಮೂಲಕವೇ ಹೋಗ್ತೀನಿ. ಅಲ್ಲಿ ಲ, ಳ ಎರಡೂ ಒಂದೇ ಅಕ್ಷರ. ನ, ಣ ಎರಡೂ ಒಂದೇ ಅಕ್ಷರ. ಹುಲಿ–ಹುಳಿ, ಬಲೆ–ಬಳೆ, ಮನೆ–ಮಣೆ ಇವುಗಳಲ್ಲಿ ಯಾವುದು ಬೇಕು ಅಂತ ನಾನು ತೀರ್ಮಾನ ಮಾಡೋದನ್ನೇ ಬಿಟ್ಟಿದ್ದೆ, ಫೋನ್ ಮಾಡ್ತಿತ್ತು. ಬರೀತಾ ಬರೀತಾ ನನಗೇ ಅನುಮಾನ ಬರೋಕೆ ಶುರುವಾಗಿತ್ತು.

ಹಾಗಾಗಿ ರಜೆಗೆ ಊರಿಗೆ ಹೋದಾಗ ಒಂದು ಕೀಬೋರ್ಡ್ ಮಾಡಿದೆ. ನಮ್ಮೂರು ಹನುಮನಹಳ್ಳಿ, ಗಂಗಾವತಿ ತಾಲೂಕು. ಅಂಜನಾದ್ರಿ ಬೆಟ್ಟದ ಬುಡದಲ್ಲಿದೆ, ತುಂಗಭದ್ರೆ ದಾಟಿದರೆ ಹಂಪಿ. ಈ ಲೇಖನದಲ್ಲಿ ಆ ಕೀಬೋರ್ಡನ್ನು ಪಿಸಿಬಿ ಇಲ್ಲದೆ, ಬರೀ ವೈರ್ ಮತ್ತು ಸೋಲ್ಡರ್‌ನಲ್ಲಿ ಹೇಗೆ ಕಟ್ಟಿದೆ ಅಂತ ಹೇಳ್ತೀನಿ. ನೀವು ಯಾವ ಬ್ರಾಂಚ್ ಆದರೂ ಪರವಾಗಿಲ್ಲ, ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಾನಿಕ್ಸ್ ಸಾಕು.

ಒಳಗೆ ಏನಿದೆ?

ಕೀ ಅಂದರೆ ಒಂದು ಸ್ವಿಚ್. ಒತ್ತಿದರೆ ಎರಡು ಕಾಲು ಸೇರುತ್ತವೆ, ಬಿಟ್ಟರೆ ಬೇರೆಯಾಗುತ್ತವೆ. ನನ್ನ ಕೀಬೋರ್ಡಿಗೆ 48 ಸ್ವಿಚ್. ಒಂದೊಂದಕ್ಕೆ ಒಂದೊಂದು ಪಿನ್ ಕೊಟ್ಟರೆ ಮೈಕ್ರೋಕಂಟ್ರೋಲರ್‌ನಲ್ಲಿ 48 ಪಿನ್ ಬೇಕು. ನಾನು ತಗೊಂಡಿದ್ದು ರಾಸ್ಪ್‌ಬೆರಿ ಪೈ ಪಿಕೊ. ಅದರಲ್ಲಿ ಬಳಸೋಕೆ ಸಿಗೋದು 26 ಪಿನ್ ಮಾತ್ರ.

ಇದಕ್ಕೆ ಉಪಾಯ ಮ್ಯಾಟ್ರಿಕ್ಸ್. 4 ಅಡ್ಡ ಸಾಲು, 12 ಉದ್ದ ಕಾಲಂ. ಪ್ರತಿ ಸ್ವಿಚ್ಚಿನ ಒಂದು ಕಾಲು ತನ್ನ ಸಾಲಿಗೆ, ಇನ್ನೊಂದು ತನ್ನ ಕಾಲಂಗೆ. 4 + 12 = 16 ಪಿನ್ ಸಾಕು. (6 × 8 ಮಾಡಿದರೆ 14ರಲ್ಲೇ ಮುಗಿಯುತ್ತೆ. ಆದರೆ ವೈರಿಂಗ್ ಕೀಗಳ ಆಕಾರದಂತೆಯೇ ಇದ್ದರೆ ತಲೆನೋವು ಕಡಿಮೆ.)

ಕಂಟ್ರೋಲರ್ ಕೆಲಸ ಹೀಗೆ. ಎಲ್ಲ ಕಾಲಂಗಳನ್ನೂ ಪುಲ್-ಅಪ್ ರೆಸಿಸ್ಟರ್ ಮೂಲಕ 3.3 ವೋಲ್ಟ್‌ನಲ್ಲಿ ಇಟ್ಟಿರುತ್ತೆ. ಒಂದು ಸಾಲನ್ನು ಸೊನ್ನೆಗೆ ಇಳಿಸಿ 12 ಕಾಲಂಗಳನ್ನು ಓದುತ್ತೆ. ಯಾವುದು ಸೊನ್ನೆಯಾಗಿದೆಯೋ ಆ ಕಾಲಂನ ಕೀ ಒತ್ತಿದೆ ಅಂತ ಅರ್ಥ. ಆಮೇಲೆ ಮುಂದಿನ ಸಾಲು. ಕ್ಲಾಸಿನಲ್ಲಿ ಮೇಷ್ಟ್ರು ಒಂದೊಂದೇ ಬೆಂಚಿಗೆ ಬಂದು “ಈ ಬೆಂಚಲ್ಲಿ ಯಾರು ಹೋಮ್‌ವರ್ಕ್ ಮಾಡಿಲ್ಲ?” ಅಂತ ಕೇಳಿದ ಹಾಗೆ. ಆದರೆ ಇಲ್ಲಿ ಸೆಕೆಂಡಿಗೆ ನೂರಾರು ಸಲ.

ಚೌಕಟ್ಟು: ಬಡಿಗೇರ ಕಾಕಾನ ಪಾಠ

ಮೆಕ್ಯಾನಿಕಲ್ ಸ್ವಿಚ್ ಕೂರೋಕೆ 14 ಮಿ.ಮೀ. ಚೌಕದ ತೂತು ಬೇಕು. ಒಂದು ಕೀ ನಡುವಿನಿಂದ ಇನ್ನೊಂದರ ನಡುವಿಗೆ 19.05 ಮಿ.ಮೀ. (ಮುಕ್ಕಾಲು ಇಂಚು) ಅಂತರ. ಲೇಸರ್ ಕಟಿಂಗ್ ಇದ್ದರೆ ಹತ್ತು ನಿಮಿಷದ ಕೆಲಸ. ನಮ್ಮೂರಲ್ಲಿ ಅದಿಲ್ಲ. ಪ್ಲೈವುಡ್‌ನಲ್ಲಿ ಡ್ರಿಲ್ ಮಾಡಿ, ಅರದಿಂದ ಉಜ್ಜಿ ಚೌಕ ಮಾಡೋಕೆ ಕೂತೆ. ಅರ್ಧ ದಿನಕ್ಕೆ ಮೂರು ತೂತು. ಒಂದೂ ಚೌಕ ಇಲ್ಲ.

ನಮ್ಮ ಓಣಿಯ ಬಡಿಗೇರ ಕಾಕಾ ನೋಡಿ ಹೇಳಿದರು: “ತೂತು ಯಾಕ ಹೊಡೀತಿ? ಪಟ್ಟಿ ಕಟ್ಟು. ಕಿಟಕಿಗೆ ಜಾಲರಿ ಕಟ್ಟಂಗಿಲ್ಲೇನು?”

ನನಗೆ ಆಗ ಲೆಕ್ಕ ಹೊಳೀತು. 19ರಲ್ಲಿ 14 ಕಳೆದರೆ 5. ಅಂದರೆ 5 ಮಿ.ಮೀ. ದಪ್ಪದ ಪಟ್ಟಿಗಳನ್ನು 14 ಮಿ.ಮೀ. ಸಂದು ಬಿಟ್ಟು ಜೋಡಿಸಿದರೆ ತೂತು ತಾನಾಗೇ ಆಗುತ್ತೆ! ಬಾಗಿಲು ಮಾಡಿ ಉಳಿದ ಸಾಗವಾನಿ ಚೂರಿನಿಂದ ಕಾಕಾ 5 × 5 ಮಿ.ಮೀ. ಕಡ್ಡಿಗಳನ್ನು ಸೀಳಿ ಕೊಟ್ಟರು. ಉದ್ದದ ಕಡ್ಡಿ 5, ಪ್ರತಿಯೊಂದೂ 233 ಮಿ.ಮೀ. (12 × 14 + 13 × 5). ನಡುವೆ ಇಡೋಕೆ 14 ಮಿ.ಮೀ. ತುಂಡು, ಸಾಲಿಗೆ 13ರಂತೆ 52.

ಮೊದಲ ಸಾಲನ್ನು ನಾನು ಅಂಟಿಸಿದ್ದು ಒಂದು ತುಂಡಿನ ಪಕ್ಕ ಅಳೆದು ಇನ್ನೊಂದು, ಅದರ ಪಕ್ಕ ಅಳೆದು ಮತ್ತೊಂದು. ಕೊನೆಗೆ ಬಂದಾಗ ಹನ್ನೆರಡನೇ ಸ್ವಿಚ್ಚಿಗೆ ಜಾಗವೇ ಸಾಲಲಿಲ್ಲ. ಕಾಕಾ ಎಲ್ಲ ಕಿತ್ತು ಹಾಕಿದರು. “ಒಂದರ ಮ್ಯಾಲೆ ಒಂದು ಅಳೀಬ್ಯಾಡ. ಎಲ್ಲಾನೂ ಒಂದ ತುದಿಯಿಂದ ಅಳಿ.” ಪ್ರತಿ ಸಲ ಬರೀ 0.2 ಮಿ.ಮೀ. ತಪ್ಪಿದರೂ, ಅದೇ ದಿಕ್ಕಿಗೆ ಹನ್ನೆರಡು ಸಲ ಸೇರಿದರೆ 2.4 ಮಿ.ಮೀ. ಒಂದೇ ತುದಿಯಿಂದ 19, 38, 57 ಅಂತ ಗುರುತು ಹಾಕಿದರೆ ಪ್ರತಿ ಗುರುತಿನಲ್ಲೂ ತಪ್ಪು 0.2ರಷ್ಟೇ ಉಳಿಯುತ್ತೆ. ಡ್ರಾಯಿಂಗ್ ಕ್ಲಾಸಿನಲ್ಲಿ ಎಲ್ಲ ಅಳತೆಯನ್ನೂ ಒಂದೇ ಗೆರೆಯಿಂದ ಕೊಡಿ ಅಂತ ಹೇಳಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು.

ಡಯೋಡ್ ಬೇಡ ಅಂದುಕೊಂಡ ತಪ್ಪು

ಪ್ರತಿ ಸ್ವಿಚ್ಚಿಗೂ ಒಂದು 1ಎನ್4148 ಡಯೋಡ್ ಹಾಕಬೇಕು ಅಂತ ಎಲ್ಲರೂ ಹೇಳ್ತಾರೆ. ನಾನು ಹಾಕಲಿಲ್ಲ. ಒಂದು ರೂಪಾಯಿ ಆಸುಪಾಸಿನ ವಸ್ತು, ದುಡ್ಡಿನ ಪ್ರಶ್ನೆ ಅಲ್ಲ. 96 ಸೋಲ್ಡರ್ ಉಳಿಯುತ್ತಲ್ಲ ಅನ್ನೋ ಸೋಮಾರಿತನ. ಮೂರು ಕೀ ಒಟ್ಟಿಗೆ ಯಾರು ಒತ್ತುತ್ತಾರೆ?

ನಾವೆಲ್ಲರೂ ಒತ್ತುತ್ತೇವೆ. ಬೇಗ ಟೈಪ್ ಮಾಡುವಾಗ ಒಂದು ಬೆರಳು ಏಳುವ ಮೊದಲೇ ಇನ್ನೊಂದು ಇಳಿದಿರುತ್ತೆ. ನಿಧಾನಕ್ಕೆ ಹೊಡೆದರೆ ಸರಿ, ಜೋರಾಗಿ ಹೊಡೆದರೆ ನಾನು ಮುಟ್ಟದ ಅಕ್ಷರ ಬರ್ತಿತ್ತು. ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಮೂರನೇ ದಿನ ಕಾಗದದ ಮೇಲೆ ನಾಲ್ಕೇ ಕೀ ಬರೆದು ನೋಡಿದೆ. ನೀವೂ ಬರೆಯಿರಿ:

ಸಾಲು 1: ಕ (ಕಾಲಂ 3), ತ (ಕಾಲಂ 4)
ಸಾಲು 2: ನ (ಕಾಲಂ 3), ಲ (ಕಾಲಂ 4)

ಈಗ ಕ, ತ, ನ ಮೂರನ್ನೂ ಒತ್ತಿ ಹಿಡಿಯಿರಿ. ಲ ಮುಟ್ಟಬೇಡಿ. ಕಂಟ್ರೋಲರ್ ಸಾಲು 2ನ್ನು ಸೊನ್ನೆಗೆ ಇಳಿಸಿತು. ನ ಒತ್ತಿರೋದರಿಂದ ಕಾಲಂ 3 ಸೊನ್ನೆ, ಸರಿ. ಆದರೆ ಕಾಲಂ 3ರಿಂದ ಕ ಮೂಲಕ ಸಾಲು 1 ಸೊನ್ನೆ ಆಯ್ತು. ಅಲ್ಲಿಂದ ತ ಮೂಲಕ ಕಾಲಂ 4 ಕೂಡ ಸೊನ್ನೆ ಆಯ್ತು. ಸಾಲು 2, ಕಾಲಂ 4 ಅಂದರೆ ಲ. ಯಾರೂ ಒತ್ತದ ಲ ಸ್ಕ್ರೀನ್ ಮೇಲೆ ಬಂತು. ಇದಕ್ಕೆ ಘೋಸ್ಟಿಂಗ್ ಅಂತಾರೆ. ದೆವ್ವದ ಅಕ್ಷರ!

ಪ್ರತಿ ಸ್ವಿಚ್ಚಿಗೆ ಡಯೋಡ್ ಇದ್ದರೆ ಕರೆಂಟ್ ಕಾಲಂನಿಂದ ಸಾಲಿಗೆ ಮಾತ್ರ ಹೋಗುತ್ತೆ. ದೆವ್ವದ ದಾರಿಯಲ್ಲಿ ಕರೆಂಟ್ ಕ ಹತ್ತಿರ ಸಾಲಿನಿಂದ ಕಾಲಂಗೆ, ಅಂದರೆ ಉಲ್ಟಾ ಹೋಗಬೇಕು. ಡಯೋಡ್ ಬಿಡಲ್ಲ. ಕಥೆ ಮುಗೀತು.

ಡಯೋಡ್ ಕ್ಯಾರೆಕ್ಟರಿಸ್ಟಿಕ್ಸ್ ಪ್ರಯೋಗ ಮಾಡಿ, ಗ್ರಾಫ್ ಬರೆದು, ವೈವಾದಲ್ಲಿ ‘ಒಂದೇ ದಿಕ್ಕಿಗೆ ಬಿಡುತ್ತೆ’ ಅಂತ ಹೇಳಿ ಪಾಸಾದವನು ನಾನು. ಆ ವಾಕ್ಯದ ಅರ್ಥ ಗೊತ್ತಾಗಿದ್ದು ಸಾಲಿನ 48 ಸೋಲ್ಡರ್ ಬಿಚ್ಚುವಾಗ.

ಇನ್ನೊಂದು ಮಾತು. ಡಯೋಡ್‌ನಲ್ಲಿ 0.7 ವೋಲ್ಟ್ ಬೀಳುತ್ತೆ, ಹಾಗಾದರೆ ಕಾಲಂ ಪೂರ್ತಿ ಸೊನ್ನೆ ಆಗಲ್ಲವಲ್ಲ ಅಂತ ನನಗೆ ಭಯ ಇತ್ತು. ಪಿಕೊದ ಚಿಪ್ 0.8 ವೋಲ್ಟ್‌ವರೆಗೆ ಸೊನ್ನೆ ಅಂತಲೇ ಓದುತ್ತೆ. ಜೊತೆಗೆ, ಒಳಗಿನ ಪುಲ್-ಅಪ್ 50 ಕಿಲೋ ಓಮ್‌ಗಿಂತ ಹೆಚ್ಚು ಇರೋದರಿಂದ ಹರಿಯುವ ಕರೆಂಟ್ ಬರೀ 50 ಮೈಕ್ರೋಆಂಪ್ ಆಸುಪಾಸು. ಅಷ್ಟು ಸಣ್ಣ ಕರೆಂಟಿಗೆ ಡಯೋಡ್‌ನಲ್ಲಿ ಬೀಳೋದು ಸುಮಾರು 0.5 ವೋಲ್ಟ್. ಪುಸ್ತಕದ 0.7 ಎಲ್ಲ ಕರೆಂಟಿಗೂ ಒಂದೇ ಅಲ್ಲ.

ವೈರಿಂಗ್, ಹೆಜ್ಜೆ ಹೆಜ್ಜೆಯಾಗಿ

1. ಸ್ವಿಚ್‌ಗಳನ್ನು ಚೌಕಟ್ಟಿನಲ್ಲಿ ಕೂರಿಸಿ, ಉಲ್ಟಾ ಮಾಡಿ. ಈಗ ಎಡ ಬಲವಾಗಿದೆ! ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ಕಾಲಂ ನಂಬರ್ ಬರೆದುಕೊಳ್ಳಿ. ಇಲ್ಲದಿದ್ದರೆ ಕೀಬೋರ್ಡ್ ಕನ್ನಡಿಯಲ್ಲಿ ನೋಡಿದ ಹಾಗೆ ಆಗುತ್ತೆ.

2. ಪ್ರತಿ ಸ್ವಿಚ್ಚಿನ ಒಂದು ಕಾಲಿಗೆ ಡಯೋಡ್. ಕಪ್ಪು ಪಟ್ಟಿ ಇರುವ ತುದಿ ಸಾಲಿನ ಕಡೆಗೆ. ಆ ತುದಿಯನ್ನೇ ಬಗ್ಗಿಸಿ ಪಕ್ಕದ ಡಯೋಡಿಗೆ ಸೇರಿಸುತ್ತಾ ಹೋದರೆ ಅದೇ ಸಾಲಿನ ವೈರ್ ಆಗುತ್ತೆ. ಒಂದೇ ಒಂದು ಡಯೋಡ್ ಉಲ್ಟಾ ಆದರೂ ಆ ಕೀ ಸತ್ತ ಹಾಗೆ.

3. ಕಾಲಂಗೆ ಹಳೆಯ ಲ್ಯಾನ್ ಕೇಬಲ್. ಒಳಗಿನ ಒಂಟಿ ಎಳೆಯ ತಾಮ್ರದ ತಂತಿ ಸರಿಯಾಗಿ ನಿಲ್ಲುತ್ತೆ. ಸೋಲ್ಡರ್ ಮಾಡುವ ಜಾಗದಲ್ಲಿ ಮಾತ್ರ ಸಿಪ್ಪೆ ತೆಗೆಯಿರಿ, ಸಾಲನ್ನು ದಾಟುವಲ್ಲಿ ಸಿಪ್ಪೆ ಇರಲಿ. ಎರಡು ಬರಿ ತಂತಿ ತಾಗಿದರೆ ಆಟ ಕೆಟ್ಟಿತು.

4. ಕಾಯಿಸೋದು ಎರಡು ಮೂರು ಸೆಕೆಂಡ್ ಸಾಕು. ಹೆಚ್ಚಾದರೆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗಿ ಕಾಲು ಓರೆಯಾಗುತ್ತೆ. ನಾನು ಎರಡು ಸ್ವಿಚ್ ಹಾಗೆ ಕಳೆದುಕೊಂಡೆ.

5. ಕಂಟ್ರೋಲರ್ ಜೋಡಿಸುವ ಮೊದಲೇ ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ. ಕೆಂಪು ಕಾಲಂಗೆ, ಕಪ್ಪು ಸಾಲಿಗೆ. ಕೀ ಒತ್ತಿದಾಗ ಮಾತ್ರ ರೀಡಿಂಗ್ ಬರಬೇಕು. 48 ಕೀಗೆ ಕಾಲು ಗಂಟೆ ಆಗುತ್ತೆ. ಕರೆಂಟ್ ಹೋದರೂ ಈ ಕೆಲಸ ನಿಲ್ಲಲ್ಲ, ನಮ್ಮೂರಲ್ಲಿ ಅದು ಮುಖ್ಯ.

ತಳಕ್ಕೆ ಪ್ಲೈವುಡ್, ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ನಾಲ್ಕು ತುಂಡು ಅಂಟಿಸಿದರೆ ಟೇಬಲ್ ಮೇಲೆ ಜಾರಲ್ಲ. ಸ್ವಿಚ್ ಮತ್ತು ಕೀ ಕ್ಯಾಪ್ ಮಾತ್ರ ಕೊಂಡಿದ್ದು.

ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ

ಫರ್ಮ್‌ವೇರ್‌ಗೆ ಕ್ಯೂಎಂಕೆ ಬಳಸಿದೆ. ಸಾಲು, ಕಾಲಂ ಯಾವ ಪಿನ್, ಡಯೋಡ್ ಯಾವ ದಿಕ್ಕು, ಯಾವ ಜಾಗಕ್ಕೆ ಯಾವ ಕೀ ಅಂತ ಹೇಳಿದರೆ ಉಳಿದಿದ್ದು ಅದೇ ನೋಡಿಕೊಳ್ಳುತ್ತೆ. ಲೋಹಕ್ಕೆ ಲೋಹ ತಾಗಿದಾಗ ಒಂದೆರಡು ಮಿಲಿಸೆಕೆಂಡ್ ಪುಟಿಯುತ್ತೆ, ಒಂದು ಒತ್ತು ಹಲವು ಒತ್ತಿನ ಹಾಗೆ ಕಾಣುತ್ತೆ. ಅದಕ್ಕೆ ಕ್ಯೂಎಂಕೆ ತಾನಾಗೇ 5 ಮಿಲಿಸೆಕೆಂಡ್ ಕಾಯುತ್ತೆ.

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಇಲ್ಲಿ. ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸೋದೇ ಇಲ್ಲ, ಒಂದು ನಂಬರ್ ಕಳಿಸುತ್ತೆ. ಯುಎಸ್‌ಬಿ ನಿಯಮದಲ್ಲಿ ಇಂಗ್ಲಿಷಿನ ‘ಎ’ ಕೀಗೆ 4, ‘ಬಿ’ಗೆ 5, ‘ಡಿ’ಗೆ 7. ಆ 7 ಏನಾಗುತ್ತೆ ಅಂತ ನಿರ್ಧರಿಸೋದು ಕಂಪ್ಯೂಟರಿನ ಲೇಔಟ್. ಇಂಗ್ಲಿಷ್ ಲೇಔಟ್ ಇದ್ದರೆ 7 ಅಂದರೆ ‘ಡಿ’. ನುಡಿ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಅದೇ 7 ‘ದ’. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ 7 ‘್’, ಅಂದರೆ ಒತ್ತಕ್ಷರ ಜೋಡಿಸುವ ಚಿಹ್ನೆ. ಒಂದೇ ಸ್ವಿಚ್, ಒಂದೇ ಡಯೋಡ್, ಒಂದೇ ನಂಬರ್, ಮೂರು ಅರ್ಥ. ಕೀಬೋರ್ಡ್ ಇಂಗ್ಲಿಷಿನದು, ಕನ್ನಡ ಅದರ ಮೇಲೆ ಹೇಗೋ ಕೂತಿದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಇಂಗ್ಲಿಷ್ ಇರೋದು ಕ್ಯಾಪಿನ ಮೇಲಿನ ಬಣ್ಣದಲ್ಲಿ ಮಾತ್ರ.

ನಾನು ಆರಿಸಿಕೊಂಡಿದ್ದು ಇನ್‌ಸ್ಕ್ರಿಪ್ಟ್. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕ ಕೀಗೆ ಶಿಫ್ಟ್ ಹಿಡಿದರೆ ಖ, ತ ಕೀಗೆ ಥ. ಆದರೆ ಳ ಬೇಕಂದರೆ ಶಿಫ್ಟ್ ಹಿಡಿದು ಲ, ಣ ಬೇಕಂದರೆ ಶಿಫ್ಟ್ ಹಿಡಿದು ಮ. ಕನ್ನಡದಲ್ಲಿ ಇವೆರಡು ಎಷ್ಟು ಬರುತ್ತವೆ ಅಂತ ನಮಗೆ ಗೊತ್ತು: ಬಹುವಚನದ ‘ಗಳು’ ಸಾಕು ಸಾಕ್ಷಿಗೆ. ಹಾಗಾಗಿ ಮೂರು ಬದಲಾವಣೆ ಮಾಡಿದೆ. ‘್’ ಬಲ ಹೆಬ್ಬೆರಳಿಗೆ. ಳಕ್ಕೆ ಅದರದೇ ಕೀ. ಣಕ್ಕೆ ಅದರದೇ ಕೀ. ಆ ಕೀ ಒತ್ತಿದರೆ ಫರ್ಮ್‌ವೇರ್ ಒಳಗೇ ಶಿಫ್ಟ್ ಸೇರಿಸಿ ಕಳಿಸುತ್ತೆ, ಕಂಪ್ಯೂಟರಿನಲ್ಲಿ ಏನೂ ಬದಲಿಸಬೇಕಿಲ್ಲ. ಕೊಪ್ಪಳ ಅಂದರೆ ಈಗ ಕ, ೊ, ಪ, ್, ಪ, ಳ. ಆರು ಒತ್ತು. ಹೇಗೆ ಬರೀತೀವೋ ಹಾಗೆ.

ಮೊದಲ ವಾರ ತುಂಬಾ ನಿಧಾನ. ಫೋನಿನಲ್ಲಿ ಒಂದು ನಿಮಿಷ ಆಗೋ ಮೆಸೇಜಿಗೆ ಐದು ನಿಮಿಷ. ಯಾಕಂದರೆ ಪ್ರತಿ ಸಲ ನಾನೇ ತೀರ್ಮಾನ ಮಾಡಬೇಕು: ಲ ಬೆರಳಾ, ಳ ಬೆರಳಾ? ‘ಬೆರಳು’ ಬರೆಯೋಕೇ ಒಮ್ಮೆ ಜೋರಾಗಿ ಹೇಳಿಕೊಂಡು ನೋಡಿದೆ. ಗೊತ್ತಿಲ್ಲದಿದ್ದಾಗ ಅವ್ವನನ್ನು ಕೇಳಿದೆ. ಅವ್ವ ಅಡುಗೆಮನೆಯಿಂದಲೇ “ಳ!” ಅಂತ ಕೂಗೋರು. ಈಗ ಕೇಳೋದು ಕಡಿಮೆ ಆಗಿದೆ.

ನೀವು ಮಾಡೋದಾದರೆ

ನೇರವಾಗಿ 48ಕ್ಕೆ ಹೋಗಬೇಡಿ. ನಾಲ್ಕು ಸ್ವಿಚ್, ನಾಲ್ಕು ಡಯೋಡ್, ಬ್ರೆಡ್‌ಬೋರ್ಡ್, ಒಂದು ಪಿಕೊ. 2 × 2 ಮ್ಯಾಟ್ರಿಕ್ಸ್. ಮೊದಲು ಡಯೋಡ್ ಇಲ್ಲದೆ ಜೋಡಿಸಿ, ಮೂರು ಕೀ ಒತ್ತಿ ದೆವ್ವ ನೋಡಿ. ಆಮೇಲೆ ಡಯೋಡ್ ಹಾಕಿ ಅದನ್ನು ಓಡಿಸಿ. ಒಂದು ಸಂಜೆಯ ಕೆಲಸ.

ಈ ಲೇಖನ ಪೂರ್ತಿ ಅದೇ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು. ಕಾಗುಣಿತದ ತಪ್ಪು ಸಿಕ್ಕರೆ ಈ ಸಲ ಫೋನ್ ಮೇಲೆ ಹಾಕೋ ಹಾಗಿಲ್ಲ, ಅದು ನನ್ನದೇ. ಮತ್ತೆ ದೊಡ್ಡಪ್ಪನಿಗೆ ಮೊದಲ ಮೆಸೇಜ್ ಹಾಕಿದ್ದೂ ಅದರಿಂದಲೇ: ‘ಕಳೆ ತೆಗೆದಿರಾ?’ ಉತ್ತರ ಬಂತು: ‘ತಗದೀನಿ. ಈಗ ಬರೋಬ್ಬರಿ ಕೇಳಿದಿ.’