ಇಪ್ಪತ್ತೇಳು ಬರೆ ಅಂದರೆ 72 ಬರೆಯುತ್ತಾಳೆ

ಪ್ರಶ್ನೆ: ನಮ್ಮದು ಖಾನಾಪುರ ತಾಲೂಕು, ಈಗ ಬೆಳಗಾವಿಯಲ್ಲಿದ್ದೇವೆ. ಮನೆಮಾತು ಮರಾಠಿ. ಮಗಳಿಗೆ 7 ವರ್ಷ, ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ತರಗತಿ. ಇಪ್ಪತ್ತೇಳು ಬರೆ ಅಂದರೆ 72 ಬರೆಯುತ್ತಾಳೆ. ಒತ್ತಕ್ಷರ ಬಂತೆಂದರೆ ಓದು ನಿಂತೇಹೋಗುತ್ತದೆ. ಮನೆಯಲ್ಲಿ ಮರಾಠಿ ಬಿಡಿ ಅಂತಾರೆ ನೆಂಟರು. ಮಗಳು ದಡ್ಡಿಯೇ?
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಖಂಡಿತ ಅಲ್ಲ. ಮರಾಠಿಯ ‘ಸತ್ತಾವೀಸ್’ನಲ್ಲಿ ಏಳು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಟೀಚರ್ ಹೇಳಿದ ಇಪ್ಪತ್ತೇಳನ್ನು ಅವಳು ಮನಸ್ಸಿನಲ್ಲೇ ಮರಾಠಿಗೆ ತಿರುಗಿಸಿಕೊಂಡು, ಕೇಳಿದ ಕ್ರಮದಲ್ಲೇ ಬರೆಯುತ್ತಿರಬಹುದು. ಆಗ 72 ಬರುವುದು ಸಹಜ. ಇಪ್ಪತ್ತೊಂಬತ್ತು ಇನ್ನೂ ಕಠಿಣ: ‘ಏಕೋಣತೀಸ್’, ಮೂವತ್ತಕ್ಕೆ ಒಂದು ಕಡಿಮೆ. ಮರಾಠಿ ಮಕ್ಕಳಿಗೇ ಇದು ತೊಡಕೆಂದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕಕ್ಕೆ ‘ವೀಸ್ ಸಾತ್’ (ಇಪ್ಪತ್ತು ಏಳು) ಎಂಬ ಕ್ರಮ ತಂದಿತು, ಅದರ ಮೇಲೆ ದೊಡ್ಡ ವಾದವೂ ನಡೆಯಿತು. ಬಿಡಿಯನ್ನು ಮೊದಲು ಹೇಳುವ ಜರ್ಮನ್ ಭಾಷೆಯ ಮಕ್ಕಳೂ ಹೀಗೆಯೇ ಅಂಕಿ ಅದಲುಬದಲು ಮಾಡುತ್ತಾರೆ.

ಮರಾಠಿ ಬಿಡಬೇಡಿ. ಅವಳು ಯೋಚಿಸುವುದೇ ಆ ಭಾಷೆಯಲ್ಲಿ. ಹತ್ತರ ಎರಡು ನೋಟು ಎಡಕ್ಕೆ, ಒಂದು ರೂಪಾಯಿಯ ಏಳು ನಾಣ್ಯ ಬಲಕ್ಕೆ ಇಡಿಸಿ. ಸತ್ತಾವೀಸ್ ಅನ್ನಲಿ, ಇಪ್ಪತ್ತೇಳು ಅನ್ನಲಿ, ಕಣ್ಣೆದುರಿನ ದುಡ್ಡು ಅದೇ. ನೋಟು ಎಷ್ಟೋ ಅದನ್ನು ಮೊದಲು ಬರೆಯಲಿ. ತರಕಾರಿ ಕೊಳ್ಳುವಾಗಲೂ ಅವಳೇ ಎಣಿಸಿ ಕೊಡಲಿ.

ಓದಿನ ವಿಷಯದಲ್ಲಿ ಆತುರ ಬೇಡ. ಕನ್ನಡದ ಗುಣಿತಾಕ್ಷರಗಳೇ 400ಕ್ಕೂ ಹೆಚ್ಚು, ಒತ್ತಕ್ಷರ ಬೇರೆ. ಇವೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆಂದು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಸರ್ಕಾರಿ ಶಾಲೆಯ ನಲಿಕಲಿಯಲ್ಲಿ ‘ರಗಸದ’ ಅಕ್ಷರಗಳಿಂದ ಶುರುಮಾಡುವುದೂ ಸರ, ದರ, ಗರಗಸ ಎಂದು ಮಗು ಬೇಗ ಪದ ಓದಲಿ ಎಂದೇ. ಒತ್ತಕ್ಷರಕ್ಕೆ ನೀವೂ ಹಾಗೇ ಮಾಡಿ: ಅಕ್ಕ, ಅಣ್ಣ, ಬೆಲ್ಲ, ಬಸ್ಸು. ಅವಳ ಬಾಯಲ್ಲಿ ದಿನವೂ ಇರುವ ಪದಗಳ ಒತ್ತು ಮೊದಲು ಬರಲಿ.

ಕಣ್ಣು, ಕಿವಿ ಮಾತ್ರ ಈಗಲೇ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ, ಉಚಿತ. ಮೂರನೇ ತರಗತಿ ಮುಗಿಯುತ್ತ ಬಂದರೂ ಸರಳ ಪದ ಓದಲಾಗದಿದ್ದರೆ ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬುವ ಮೊದಲು ಕೊಡುವುದಿಲ್ಲ, ಹಾಗಾಗಿ ಈಗಲೇ ಆ ಹೆಸರು ಹಚ್ಚಬೇಡಿ.

ಈ ವಾರವೇ ಟೀಚರನ್ನು ಕಂಡು ಸತ್ತಾವೀಸ್ ವಿಷಯ ಹೇಳಿ. ತಪ್ಪಿದ ಅಂಕಿಯನ್ನು ನೂರು ಸಲ ಬರೆಸುವ ಶಿಕ್ಷೆ, ದಯವಿಟ್ಟು, ಮನೆಯಲ್ಲೂ ಬೇಡ, ಶಾಲೆಯಲ್ಲೂ ಬೇಡ.